ಎರೆಮಣ್ಣಿನ ಮೇಲಿನ ಹಳೇ ಮನೆ: ಬಿರುಕಿನಿಂದ ಗಿಲಾವಿನವರೆಗೆ

ಹುಬ್ಬಳ್ಳಿಯಲ್ಲಿರುವ ನಮ್ಮ ಮನೆಯನ್ನು 1980ರ ದಶಕದ ಶುರುವಿನಲ್ಲಿ ಮಾವನವರು ಕಟ್ಟಿಸಿದರು. ಪಾಯ ಸೈಜ್ ಕಲ್ಲಿನದು, ಗೋಡೆ ಇಟ್ಟಂಗಿಯದು. ಪಡಸಾಲೆ ಮತ್ತು ಮುಂದಿನ ಕೋಣೆಗಳ ಮೇಲೆ ಆರ್‌ಸಿಸಿ ಸ್ಲ್ಯಾಬ್ ಇದೆ. ಹಿಂದಿನ ಅಡುಗೆಮನೆ, ಬಚ್ಚಲ ಮೇಲೆ ಮಂಗಳೂರು ಹಂಚು. ಕಾಲಂ, ಬೀಮ್ ಯಾವುದೂ ಇಲ್ಲ, ಗೋಡೆಗಳೇ ಭಾರ ಹೊತ್ತು ನಿಂತಿವೆ. ಹಿಂದಿನ ಗೋಡೆಯಲ್ಲಿ ಬಿರುಕು, ಪಡಸಾಲೆಯ ಸ್ಲ್ಯಾಬಿನಿಂದ ಉದುರುವ ಚಕ್ಕೆ, ಅಡುಗೆಮನೆಯಲ್ಲಿ ಸೋರುವ ಹಂಚು, ಇವೆಲ್ಲ ಸೇರಿ ರಿಪೇರಿ ಮುಂದೂಡಲು ಆಗದ ಸ್ಥಿತಿಗೆ ಬಂದಿತ್ತು.

ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರೆಭೂಮಿಯಲ್ಲಿ ಹಳೇ ಮನೆ ಇರುವವರಿಗೆ ಉಪಯೋಗ ಆಗಲಿ ಅಂತ ಕೆಲಸದ ವಿವರ ಬರೆದಿಡುತ್ತಿದ್ದೇನೆ. ನಾನು ಒತ್ತಿ ಹೇಳುವುದು ಇಷ್ಟು: ಮನೆಗೆ ಏನಾಗಿದೆ ಅಂತ ಗೊತ್ತಾಗುವ ಮೊದಲು ಯಾರ ದರವನ್ನೂ ಒಪ್ಪಬೇಡಿ. ಯಾವ ಗುತ್ತಿಗೆದಾರರು ದರಕ್ಕಿಂತ ಮೊದಲು ಕಾರಣ ಹುಡುಕುತ್ತಾರೋ ಅವರನ್ನು ಬಿಡಬೇಡಿ.

ಬಿರುಕು ಏನು ಹೇಳುತ್ತಿತ್ತು

ಬಿರುಕು ಅಡುಗೆಮನೆ ಕಿಟಕಿಯ ಮೇಲಿನ ತುದಿಯಿಂದ ಹೊರಟು, ಇಟ್ಟಂಗಿಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಬಚ್ಚಲ ಮೂಲೆಯ ಕಡೆ ಏರಿತ್ತು. ಕಿಟಕಿ ಹತ್ತಿರ ಕೂದಲೆಳೆಯಷ್ಟು ಸಣ್ಣ. ಮೇಲೆ ಹೋದ ಹಾಗೆ ಒಂದು ರೂಪಾಯಿ ನಾಣ್ಯ ತೂರುವಷ್ಟು ಅಗಲ. ಹಿಂದೆ ಪುಟ್ಟಿ ತುಂಬಿ ಬಣ್ಣ ಬಳಿದ ಗುರುತೂ ಇತ್ತು. ಬೇಸಿಗೆ ಬಂದರೆ ಅದೇ ಜಾಗ ಮತ್ತೆ ಬಾಯಿ ಬಿಡುತ್ತಿತ್ತು.

ದಸರಾ ಮುಗಿದ ಮೇಲೆ ಮೂವರು ಗುತ್ತಿಗೆದಾರರನ್ನು ಮನೆ ನೋಡಲು ಕರೆದೆವು. ಮೊದಲು ಬಂದವರು ಪಡಸಾಲೆಯಲ್ಲೇ ನಿಂತು ಚದರ ಅಡಿಗೆ ಇಷ್ಟು ಅಂತ ಒಂದು ರೇಟು ಹೇಳಿದರು. ಎರಡನೆಯವರು ಬಿರುಕಿನ ಮೇಲೆ ಕೈಯಾಡಿಸಿ, ಹಿಂದಿನ ಭಾಗ ಪೂರ್ತಿ ಕೆಡವಿ ಹೊಸ ಸ್ಲ್ಯಾಬ್ ಹಾಕೋಣ ಅಂದರು. ಮೂರನೆಯವರು ವಯಸ್ಸಾದ ಗೌಂಡಿ. ಈಗ ಅವರೇ ಗುತ್ತಿಗೆ ಹಿಡಿಯುತ್ತಾರೆ. ಅವರು ಬಿರುಕನ್ನು ಒಂದು ಸಲ ನೋಡಿ ಸೀದಾ ಹಿತ್ತಲಿಗೆ ನಡೆದರು.

"ಅಕ್ಕಾರ, ಮ್ಯಾಲೆ ಅಗಲ ಐತಿ ಅಂದ್ರ ಈ ಮೂಲಿ ಕೆಳಗ ಕುಂತೈತ್ರಿ. ಮದಲ ಇದನ್ನ ಹೇಳ್ರಿ, ಬಚ್ಚಲದ ನೀರು ಎಲ್ಲಿಗೆ ಹೋಗತಾವ?"

"ಹಿತ್ತಲದ ಗಟಾರಕ್ಕ ಹೋಗತಾವ್ರಿ ಕಾಕಾ."

"ಹೋಗತಾವೋ ಇಲ್ಲೋ ನೋಡೇಬಿಡೂಣ್ರಿ."

ಹೊರಗಿನ ಚೇಂಬರಿನಲ್ಲಿ ಕೊಳವೆಯ ಬಾಯಿಗೆ ಗೋಣಿಪಾಟು ಒತ್ತಿ ತುರುಕಿದರು. ಬಚ್ಚಲಲ್ಲಿ ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದರು. ಕೊಳವೆ ಸರಿ ಇದ್ದರೆ ನೀರು ಅಲ್ಲೇ ನಿಲ್ಲಬೇಕು. ಅವರು ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನೀರು ಗೆರೆ ಬಿಟ್ಟು ಎರಡು ಬೆರಳು ಇಳಿದಿತ್ತು. ಚೇಂಬರಿಗೆ ಒಂದು ಹನಿಯೂ ಬಂದಿರಲಿಲ್ಲ.

"ಈ ನೀರೆಲ್ಲಾ ನಿಮ್ಮ ಪಾಯಾನ ಕುಡ್ಯಾಕತ್ತೈತ್ರಿ ಅಕ್ಕಾರ."

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಇರುತ್ತದೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ತುಂಬಾ ನೆನೆದರೆ ಮೆತ್ತಗಾಗಿ ಭಾರ ತಡೆಯುವುದಿಲ್ಲ. ಇಡೀ ಮನೆಯ ಕೆಳಗಿನ ಮಣ್ಣು ಒಂದೇ ಸಮ ಉಬ್ಬಿ, ಒಂದೇ ಸಮ ಕುಗ್ಗಿದರೆ ಗೋಡೆ ಹೇಗೋ ತಡೆದುಕೊಳ್ಳುತ್ತದೆ. ಒಂದು ಮೂಲೆ ಮಾತ್ರ ವರ್ಷವಿಡೀ ಬಚ್ಚಲ ನೀರಲ್ಲಿ ನೆನೆಯುತ್ತಾ, ಉಳಿದದ್ದು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತಿದ್ದರೆ ಗೋಡೆ ಸೀಳದೆ ಇನ್ನೇನು ಮಾಡೀತು? ಧಾರವಾಡದ ಕೆಂಪು ನೆಲದ ಕಡೆ ಈ ಕಾಟ ಇಷ್ಟಿಲ್ಲ. ಹಾಗಾಗಿ ಅಲ್ಲಿ ಮನೆ ಮಾಡಿಸಿದ ನೆಂಟರ ಸಲಹೆಯನ್ನು ಹಾಗೇ ತಂದು ಹುಬ್ಬಳ್ಳಿಯಲ್ಲಿ ಅನ್ವಯಿಸಲು ಹೋಗಬೇಡಿ.

ಗೌಂಡಿ ಕಾಕಾ ಹೇಳಿದ್ದನ್ನು ಇನ್ನೊಬ್ಬರ ಕಣ್ಣಿಂದಲೂ ನೋಡಿಸಿದೆವು. ಒಬ್ಬ ಸಿವಿಲ್ ಎಂಜಿನಿಯರರಿಗೆ ಫೀ ಕೊಟ್ಟು ಮನೆ ತೋರಿಸಿದೆವು. ಒಟ್ಟು ಖರ್ಚಿನಲ್ಲಿ ಅದು ತೀರಾ ಸಣ್ಣ ಮೊತ್ತ, ಆದರೆ ಅಷ್ಟು ಬೆಲೆಬಾಳುವ ಖರ್ಚು ಮತ್ತೊಂದು ಇರಲಿಲ್ಲ. ಅವರು ಮೂಲೆಯಲ್ಲಿ ಪಾಯದ ತನಕ ಒಂದು ಗುಂಡಿ ತೋಡಿಸಿದರು. ಮಣ್ಣು ಕೈಯಲ್ಲಿ ಹಿಸುಕಿದರೆ ಬೆರಳ ಸಂದಿಯಿಂದ ಬರುವಷ್ಟು ಹಸಿ ಇತ್ತು. ಮನೆಯ ಇನ್ನೊಂದು ಬದಿಯಲ್ಲಿ ಅದೇ ಆಳದ ಮಣ್ಣು ಹೆಂಟೆಹೆಂಟೆಯಾಗಿ ಬಂತು. ಕಾಕಾನ ಮಾತು ನಿಜವಾಯಿತು. ಮೈದುನನಿಗೆ ಮೇಲೊಂದು ಮಹಡಿ ಎತ್ತುವ ಆಸೆ ಇತ್ತು. ಈ ಪಾಯದ ಮೇಲೆ ಬೇಡವೇ ಬೇಡ ಅಂತ ಎಂಜಿನಿಯರ್ ಖಡಾಖಂಡಿತ ಹೇಳಿದರು. ಎರೆಮಣ್ಣಿನಲ್ಲಿ ಹೊಸದಾಗಿ ಕಟ್ಟುವವರಿಗೆ ಅಂಡರ್-ರೀಮ್ಡ್ ಪೈಲ್ ಅನ್ನುವ ದಾರಿ ಇದೆ. ಮಣ್ಣು ಉಬ್ಬಿ ಕುಗ್ಗುವ ಪದರ ದಾಟಿ ಕೆಳಗಿಳಿದು, ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬ ಅದು. ರೂರ್ಕಿಯ ಸಿಬಿಆರ್‌ಐ (ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ) ಇದರ ಮೇಲೆ ಬಹಳ ಕೆಲಸ ಮಾಡಿದೆ. ನಿಂತ ಮನೆಗೆ ಅದು ಸುಲಭದ ಮಾತಲ್ಲ.

ಪಟ್ಟಿ ಮೊದಲು, ದರ ಆಮೇಲೆ

ಕಾರಣ ಗೊತ್ತಾದ ಮೇಲೆ ಎಂಜಿನಿಯರ್ ಜೊತೆ ಕೂತು ಬಾಬುವಾರು ಪಟ್ಟಿ ಬರೆದೆವು. ಬಚ್ಚಲ ಕೊಳವೆ ಇಷ್ಟು ಅಡಿ. ಬಿರುಕಿನ ಹೊಲಿಗೆ, ಅಂದರೆ ಬಿರುಕಿಗೆ ಅಡ್ಡ ಸರಳು ಕೂರಿಸುವುದು, ಇಷ್ಟು ರನ್ನಿಂಗ್ ಅಡಿ. ಗಿಲಾವು ಇಷ್ಟು ಚದರ ಅಡಿ, ಒಳಗೆ 12 ಎಂಎಂ, ಹೊರಗೆ 20 ಎಂಎಂ. ಸ್ಲ್ಯಾಬ್ ರಿಪೇರಿ ಇಷ್ಟು ಚದರ ಅಡಿ. ಹಂಚು ಇಳಿಸಿ ಮತ್ತೆ ಹೊದಿಸುವುದು. ಮಾಳಿಗೆಗೆ, ಅಂದರೆ ಸ್ಲ್ಯಾಬಿನ ಮೇಲ್ಬದಿಗೆ, ವಾಟರ್‌ಪ್ರೂಫಿಂಗ್. ಸಿಮೆಂಟ್ ಯಾವುದು, ಮಸಾಲೆಯ (ಸಿಮೆಂಟ್-ಉಸುಕು ಕಲಸಿದ್ದು) ಪ್ರಮಾಣ ಎಷ್ಟು, ಪೈಪಿನ ದಪ್ಪ ಎಷ್ಟು, ಎಲ್ಲವನ್ನೂ ಬರೆದೆವು. ಈ ಒಂದೇ ಪಟ್ಟಿಯನ್ನು ಮೂವರಿಗೂ ಕೊಟ್ಟು ದರ ಕೇಳಿದೆವು.

ಹೊಸ ಮನೆಗೆ ಚದರ ಅಡಿ ರೇಟು ನಡೆಯುತ್ತದೆ. ರಿಪೇರಿಗೆ ಅದು ಏನೂ ಹೇಳುವುದಿಲ್ಲ. ಒಂದು ಕೋಣೆಗೆ ಬರೀ ಬಣ್ಣ ಸಾಕು, ಪಕ್ಕದ್ದಕ್ಕೆ ಗಿಲಾವು ಪೂರ್ತಿ ಕೆತ್ತಬೇಕು. ಎರಡಕ್ಕೂ ಒಂದೇ ರೇಟು ಹೇಗಾದೀತು? ಪಟ್ಟಿ ಕೈಗೆ ಬಂದ ಮೇಲೆ ಮೊದಲನೆಯವರು ದರ ಬರೆದುಕೊಡಲೇ ಇಲ್ಲ. ಎರಡನೆಯವರ ಪಟ್ಟಿಯಲ್ಲಿ ಕೂಡಿಸಿದ ಮೊತ್ತ ಮಾತ್ರ ಇತ್ತು. ಕಾಕಾ ತಮ್ಮ ಮಗನ ಕೈಯಲ್ಲಿ ಪ್ರತಿ ಬಾಬಿನ ಮುಂದೆ ದರ ಬರೆಸಿದ್ದರು. ಎರಡು ಕಡೆ ನಮ್ಮ ಅಳತೆ ತಪ್ಪಿದೆ ಅಂತ ಗುರುತೂ ಹಾಕಿದ್ದರು. ಅದರಲ್ಲಿ ಒಂದು ಅವರಿಗೇ ದುಡ್ಡು ಕಡಿಮೆ ಆಗುವಂಥದ್ದು.

ಅಳತೆಯ ವಿಷಯದಲ್ಲಿ ಒಂದು ಮಾತು. ಗಿಲಾವಿನ ಬಿಲ್ಲಿನಲ್ಲಿ ಕಿಟಕಿ, ಬಾಗಿಲಿನ ಜಾಗ ಕಳೆಯುವುದರ ಬಗ್ಗೆ ಬಹಳ ಜಗಳ ಆಗುತ್ತವೆ. ಇದಕ್ಕೆ ಕಟ್ಟಡ ಕೆಲಸದ ಅಳತೆಯ ಭಾರತೀಯ ಮಾನಕ ಐಎಸ್ 1200ರಲ್ಲಿ ನಿಯಮ ಇದೆ. ಅರ್ಧ ಚದರ ಮೀಟರ್ ತನಕದ ಕಿಂಡಿ ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದು, 3 ಚದರ ಮೀಟರ್ ಒಳಗಿನದು ಆದರೆ, ಎರಡೂ ಮುಖಕ್ಕೆ ಒಂದೇ ಥರದ ಗಿಲಾವು ಇದ್ದಾಗ ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಅಂಚು ತಿದ್ದುವ ಕೆಲಸ ಇನ್ನೊಂದು ಮುಖದ ಲೆಕ್ಕದಲ್ಲಿ ಸರಿಹೋಗುತ್ತದೆ. ಇದನ್ನು ಕರಾರಿನಲ್ಲೇ ಬರೆದುಬಿಟ್ಟರೆ ಎರಡೂ ಕಡೆಯವರಿಗೆ ನೆಮ್ಮದಿ.

ವಿಚಾರಣೆ ಮಾಡಿದ್ದು ಎಲ್ಲೆಲ್ಲಿ

ಮುಗಿದ ಮನೆಯ ಫೋಟೋ ಯಾರ ಮೊಬೈಲಿನಲ್ಲಾದರೂ ಇರುತ್ತದೆ. ಹೊಸ ಬಣ್ಣದ ಕೆಳಗೆ ಏನೂ ಕಾಣುವುದಿಲ್ಲ. ನಾವು ಕೇಳಿದ್ದು ಎರಡು-ಮೂರು ಮಳೆಗಾಲ ಕಂಡ ಕೆಲಸ ತೋರಿಸಿ ಅಂತ. ಕಾಕಾ ಉಣಕಲ್ ಕಡೆಯ ಒಂದು ಮನೆಗೆ ಕರೆದುಕೊಂಡು ಹೋದರು. ನಾನು ಬಚ್ಚಲ ಗೋಡೆಯ ಹೊರಬದಿ ನೋಡಿದೆ. ಅಲ್ಲಿ ತೇವ ಇದ್ದರೆ ಬಣ್ಣ ಉಬ್ಬಿರುತ್ತದೆ, ಗೋಡೆ ಮೇಲೆ ಬಿಳಿ ಉಪ್ಪು ಎದ್ದಿರುತ್ತದೆ. ಅಲ್ಲಿ ಎರಡೂ ಇರಲಿಲ್ಲ. ಮನೆಯಾಕೆಯನ್ನು ಕೇಳಿದ್ದು ಒಂದೇ ಪ್ರಶ್ನೆ: ಪೂರ್ತಿ ದುಡ್ಡು ಕೊಟ್ಟ ಮೇಲೆ ಕರೆದರೆ ಬಂದಿದ್ದರಾ? "ಮಾಳಿಗಿ ಕೊಳವಿ ಕಟ್ಟಿದಾಗ ಫೋನ್ ಮಾಡಿದ್ವಿ, ಮರುದಿನಾನ ಬಂದಿದ್ರು ನೋಡ್ರಿ" ಅಂದರು.

ಇನ್ನೊಂದು ವಿಚಾರಣೆ ಬಹಳ ಜನ ಮಾಡುವುದಿಲ್ಲ. ಗುತ್ತಿಗೆದಾರರು ಸಿಮೆಂಟ್, ಕಬ್ಬಿಣ ತರುವ ಅಂಗಡಿಯಲ್ಲಿ ಕೇಳಬೇಕು. ಯಾರ ಉದ್ರಿ ಎಷ್ಟು ಬಾಕಿ ಅಂತ ಅಂಗಡಿಯವರು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ "ಇವರಿಗೆ ಮಾಲು ಕೊಡ್ತೀರಾ?" ಅಂತ ಕೇಳಿದಾಗ ಅವರು ಕೊಡುವ ಉತ್ತರದ ಧಾಟಿಯಲ್ಲೇ ಗೊತ್ತಾಗುತ್ತದೆ. ಹಳೇ ಉದ್ರಿ ಜಾಸ್ತಿ ಇದ್ದವರು ನಿಮ್ಮ ಮುಂಗಡ ತಗೊಂಡು ಹಿಂದಿನ ಮನೆಯ ಸಾಲ ತೀರಿಸುತ್ತಾರೆ. ಆಮೇಲೆ ನಿಮ್ಮ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಾಗೇ ಅವರ ಕೂಲಿಯಾಳುಗಳನ್ನು ಮಾತಾಡಿಸಿ, ವಾರದ ಬಟವಾಡೆ ತಪ್ಪದೆ ಆಗುತ್ತದಾ ಅಂತ ಕೇಳಿದೆ. ಆಳುಗಳಿಗೆ ಸರಿಯಾಗಿ ಪಗಾರ ಕೊಡುವವರ ಹತ್ತಿರ ಒಳ್ಳೆ ಗೌಂಡಿಗಳು ಉಳಿಯುತ್ತಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿದ್ದಾರಾ ಅಂತಲೂ ವಿಚಾರಿಸಿದೆ. ನಮ್ಮ ಮನೆಯ ಮೇಲೆ ಹತ್ತಿ ದುಡಿಯುವವರಿಗೆ ಏನಾದರೂ ಆದರೆ ಆ ಹೊಣೆ ನಮ್ಮದೂ ಹೌದು.

ಕಾಕಾನ ದರ ಎರಡನೆಯವರದ್ದಕ್ಕಿಂತ ಕಡಿಮೆ ಇರಲಿಲ್ಲ. ಆದರೂ ಅವರಿಗೇ ಕೊಟ್ಟೆವು. ಮಜೂರಿ ಅವರದು, ಮಾಲು ನಮ್ಮದು ಅಂತ ಮಾತಾಯಿತು. ಸಿಮೆಂಟ್, ಉಸುಕು ನಾವೇ ತಂದರೆ ಓಡಾಟ ಜಾಸ್ತಿ, ಆದರೆ ಮಾಲಿನ ಬಗ್ಗೆ ಸಂಶಯ ಇರುವುದಿಲ್ಲ. ಮನೆಯಲ್ಲಿ ಹಗಲು ಇರುವವರು ಯಾರೂ ಇಲ್ಲದಿದ್ದರೆ ಮಾಲು ಸಹಿತ ಕೊಡುವುದೇ ವಾಸಿ.

ಛಾಪಾ ಕಾಗದದ ಮೇಲೆ ಕನ್ನಡದಲ್ಲೇ ಕರಾರು ಬರೆದೆವು. ಮುಂಗಡ ಶೇ. 10. ಉಳಿದದ್ದು ಮುಗಿದ ಬಾಬಿನ ಅಳತೆ ಹಿಡಿದು ಕಂತಿನಲ್ಲಿ. ಕೊನೆಯ ಶೇ. 10 ಒಂದು ಮಳೆಗಾಲ ಕಳೆದ ಮೇಲೆ. ಪಟ್ಟಿಯಲ್ಲಿಲ್ಲದ ಕೆಲಸ ಬಂದರೆ, ದರ ಬರೆದು ಇಬ್ಬರೂ ಸಹಿ ಮಾಡಿದ ಚೀಟಿ ಇಲ್ಲದೆ ಮಾಡುವಂತಿಲ್ಲ. ಒಡೆದ ಕಲ್ಲು-ಮಣ್ಣು ಸಾಗಿಸುವುದು ಅವರ ಹೊಣೆ, ರಸ್ತೆ ಮೇಲೆ, ಗಟಾರದಲ್ಲಿ ಸುರಿಯುವಂತಿಲ್ಲ. ಈ ಕೊನೆಯ ಮಾತು ಬರೆಯದೇ ಹೋದರೆ ಓಣಿಯವರ ಜೊತೆ ಜಗಳ ಗ್ಯಾರಂಟಿ. ಕೋಣೆ ಕೂಡಿಸುವುದು, ಮಹಡಿ ಎತ್ತುವುದು ಇದ್ದರೆ ಮಹಾನಗರ ಪಾಲಿಕೆಯ ಪರವಾನಗಿ ತಗೊಂಡೇ ಕೆಲಸ ಶುರು ಮಾಡಬೇಕು. ನಮ್ಮದರಲ್ಲಿ ಅಂಥದ್ದು ಇರಲಿಲ್ಲ.

ನೀರಿನ ಕೆಲಸ

ದೀಪಾವಳಿ ಆದ ಮೇಲೆ ಮೊದಲು ಮುಟ್ಟಿದ್ದು ಬಚ್ಚಲ ಕೊಳವೆ. ನೆಲ ಅಗೆದಾಗ ಹಳೇ ಚೀನಿಮಣ್ಣಿನ ಕೊಳವೆಯ ಕೀಲುಗಳೆಲ್ಲ ಬಿಟ್ಟುಕೊಂಡಿದ್ದವು. ಒಂದು ಕೀಲಿನೊಳಗೆ ನುಗ್ಗೆ ಮರದ ಬೇರು ಜಡೆಯಾಗಿ ಬೆಳೆದಿತ್ತು. ಎಲ್ಲ ತೆಗೆದು 110 ಎಂಎಂ ಪಿವಿಸಿ ಪೈಪ್ ಹಾಕಿದರು. ಹತ್ತು ಅಡಿಗೆ 2 ಇಂಚು ಇಳಿಜಾರು. ಮಣ್ಣು ಮುಚ್ಚುವ ಮುಂಚೆ ಗೋಣಿಪಾಟಿನ ಪರೀಕ್ಷೆ ಮತ್ತೆ ಮಾಡಿದೆವು. ಪೆನ್ಸಿಲ್ ಗೆರೆಯಿಂದ ನೀರು ಅಲ್ಲಾಡಲಿಲ್ಲ.

ಮೂಲೆಯ ಹಸಿ ಎರೆಮಣ್ಣು ತೆಗೆದ ಜಾಗಕ್ಕೆ ಗರಸು (ಉಬ್ಬದ ಗಟ್ಟಿ ಜಲ್ಲಿಮಣ್ಣು) ತುಂಬಿ, ಪದರ ಪದರವಾಗಿ ನೀರು ಚಿಮುಕಿಸಿ ಧಮ್ಮಸ್ ಮಾಡಿದರು, ಅಂದರೆ ಬಡಿದು ಗಟ್ಟಿ ಮಾಡಿದರು. ಪಾಯದ ಕೆಳಗಿನ ಮಣ್ಣನ್ನು ಮಾತ್ರ ಮುಟ್ಟಲಿಲ್ಲ, ಮುಟ್ಟಲೂ ಬಾರದು. ಆಮೇಲೆ ಮನೆಯ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿ. ಅದರ ಇಳಿಜಾರು ಗೋಡೆಯಿಂದ ಹೊರಕ್ಕೆ. ಮಳೆ ನೀರು ಗೋಡೆಯ ಬುಡಕ್ಕೆ ಇಂಗಬಾರದು, ಬೇಸಿಗೆಯಲ್ಲಿ ಬುಡದ ಮಣ್ಣು ಪೂರ್ತಿ ಒಣಗಲೂಬಾರದು. ಈ ಪಟ್ಟಿ ಎರಡನ್ನೂ ತಡೆಯುತ್ತದೆ. ಎರೆಮಣ್ಣಿನ ಮನೆಗೆ ನಾನು ಒಂದೇ ಕೆಲಸ ಮಾಡಿಸಿ ಅಂತ ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

ಬಿರುಕನ್ನು ಆಗಲೇ ಮುಚ್ಚಲಿಲ್ಲ. ಬಿರುಕಿನ ಮೇಲೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆದೆವು. ಗೋಡೆ ಅಲ್ಲಾಡಿದರೆ ಗಾಜು ಒಡೆಯುತ್ತದೆ. ಮೊದಲ ಗಾಜು ಸಂಕ್ರಾಂತಿಗೆ ಮುಂಚೆಯೇ ಸೀಳಿತು. ನೆನೆದ ಮಣ್ಣು ಒಣಗುವಾಗ ಮೂಲೆ ಇನ್ನೊಂಚೂರು ಸರಿಯುವುದು ಸಹಜ ಅಂದರು ಎಂಜಿನಿಯರ್. ಎರಡನೆಯದು ಶಿವರಾತ್ರಿ ದಾಟಿದರೂ ಹಾಗೇ ಇತ್ತು. ಆಗ ಗೋಡೆ ಕೆಲಸಕ್ಕೆ ಒಪ್ಪಿಗೆ ಕೊಟ್ಟೆವು.

ಹೊಲಿಗೆ, ಗಿಲಾವು, ಸ್ಲ್ಯಾಬ್

ಬಿರುಕಿನ ಎರಡೂ ಬದಿಯ ಗಿಲಾವು ಕೆತ್ತಿ ಇಟ್ಟಂಗಿ ಕಾಣುವ ಹಾಗೆ ಮಾಡಿದರು. ಸುಮಾರು ಒಂದೂವರೆ ಅಡಿಗೆ ಒಂದರಂತೆ ಅಡ್ಡ ಸಂದಿಗಳನ್ನು ಕೊರೆದರು. ಧೂಳು ಊದಿ, ನೀರು ಹೊಡೆದು, ಗ್ರೌಟ್ (ಸಂದಿ ತುಂಬುವ ತೆಳು ಮಸಾಲೆ) ತುಂಬಿ 6 ಎಂಎಂ ಸ್ಟೇನ್‌ಲೆಸ್ ಸ್ಟೀಲ್ ಸರಳು ಕೂರಿಸಿದರು. ಸರಳು ಬಿರುಕಿನ ಆಚೆ ಈಚೆ ಅರ್ಧರ್ಧ ಮೀಟರ್ ಚಾಚಿರಬೇಕು. ಸಾದಾ ಕಬ್ಬಿಣ ಹಾಕಿದರೆ ಗೋಡೆಯೊಳಗೇ ತುಕ್ಕು ಹಿಡಿದು ಮತ್ತೆ ಸೀಳುತ್ತದೆ. ಮೇಲೆ ಜಾಳಿಗೆ ಬಡಿದು ಗಿಲಾವು ಮಾಡಿದರು.

ಮಸಾಲೆ ಅಳೆಯಲು 40 ಸೆಂ.ಮೀ. ಉದ್ದ, 35 ಅಗಲ, 25 ಎತ್ತರದ ಕಟ್ಟಿಗೆಯ ಫರ್ಮಾ (ಅಳತೆ ಪೆಟ್ಟಿಗೆ) ಮಾಡಿಸಿದೆವು. ಅದು ಸರಿಯಾಗಿ 35 ಲೀಟರ್, ಅಂದರೆ 50 ಕಿಲೋ ಸಿಮೆಂಟಿನ ಒಂದು ಚೀಲ. 1:4 ಅಂದರೆ ಒಂದು ಚೀಲಕ್ಕೆ ನಾಲ್ಕು ಫರ್ಮಾ ಉಸುಕು. ಬುಟ್ಟಿ ಲೆಕ್ಕದಲ್ಲಿ ಒಬ್ಬೊಬ್ಬರ ಬುಟ್ಟಿ ಒಂದೊಂದು ಥರ ತುಂಬುತ್ತದೆ. ಉಸುಕಿಗೆ ಬಾಟಲಿ ಪರೀಕ್ಷೆ ಮಾಡಿದೆ. ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು ತುಂಬಿ, ಚಿಟಿಕೆ ಉಪ್ಪು ಬೆರೆಸಿದ ನೀರು ಹಾಕಿ ಕುಲುಕಿ ಮೂರು ತಾಸು ಬಿಟ್ಟರೆ ಮೇಲೆ ಮಣ್ಣಿನ ಪದರ ಕೂರುತ್ತದೆ. 10 ಸೆಂ.ಮೀ. ಉಸುಕಿಗೆ 8 ಎಂಎಂ ಮೀರಿದರೆ ಆ ಗಾಡಿ ವಾಪಸ್. ಒಂದು ಗಾಡಿ ಹಾಗೇ ವಾಪಸ್ ಹೋಯಿತು. ಕಾಕಾ ನನ್ನ ಪರವಾಗಿ ಲಾರಿಯವರ ಜೊತೆ ವಾದ ಮಾಡಿದರು.

ಪಡಸಾಲೆ ಸ್ಲ್ಯಾಬಿನ ಕೆಳಗೆ ಕಾಕಾ ಸಣ್ಣ ಸುತ್ತಿಗೆ ಹಿಡಿದು ಇಂಚಿಂಚು ಬಡಿಯುತ್ತಾ ಹೋದರು. ಗಟ್ಟಿ ಇದ್ದ ಕಡೆ ಟಣ್ ಅನ್ನುವ ಸದ್ದು, ಬಿಟ್ಟುಕೊಂಡ ಕಡೆ ಬೊದ್ ಅನ್ನುವ ಸದ್ದು. ಬೊದ್ ಅಂದಲ್ಲೆಲ್ಲ ಸೀಮೆಸುಣ್ಣದ ಗೆರೆ. ಹಳೇ ಸ್ಲ್ಯಾಬಿನಲ್ಲಿ ಸರಳಿನ ಕೆಳಗಿನ ಕಾಂಕ್ರೀಟ್ 10 ಎಂಎಂ ಕೂಡ ಇರಲಿಲ್ಲ. ಈಗ ಕನಿಷ್ಠ 20 ಎಂಎಂ ಬೇಕು. ಸೋರಿದ ನೀರು ಸರಳಿಗೆ ತಾಗಿ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಕೆಳಗೆ ದೂಡುತ್ತದೆ, ಅದೇ ಚಕ್ಕೆ. ಕೆಳಗೆ ಆಸರೆ ಕೊಟ್ಟು, ಗುರುತು ಹಾಕಿದ್ದೆಲ್ಲ ಕೆತ್ತಿ, ಸರಳನ್ನು ತಂತಿ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿದರು. ತುಕ್ಕು ತಡೆಯುವ ಲೇಪ ಬಳಿದು, ಪಾಲಿಮರ್ ಬೆರೆಸಿದ ಮಸಾಲೆ ತುಂಬಿದರು. ಸವೆದ ಎರಡು ಕಡೆ ಎಂಜಿನಿಯರ್ ಹೇಳಿದ ಹಾಗೆ ಹೊಸ ಸರಳು ಜೋಡಿಸಿದರು.

ಮಾಳಿಗೆ ಸೋರುತ್ತದೆ ಅಂದರೆ ಮೇಲೆ 3 ಇಂಚು ಕಾಂಕ್ರೀಟ್ ಸುರಿಯೋಣ ಅಂತ ಸಲಹೆ ಕೊಡುವವರು ಬಹಳ. ನಮಗೂ ಬಂತು. ಅಷ್ಟು ದಪ್ಪದ ಕಾಂಕ್ರೀಟ್ ಚದರ ಮೀಟರಿಗೆ ಸುಮಾರು 180 ಕಿಲೋ ತೂಗುತ್ತದೆ. ಹತ್ತಕ್ಕೆ ಹತ್ತರ ಒಂದು ಕೋಣೆ ಮೇಲೆ ಒಂದೂವರೆ ಟನ್‌ಗಿಂತ ಜಾಸ್ತಿ ಹೊರೆ. ಸರಳು ಸವೆದ ಸ್ಲ್ಯಾಬಿನ ಮೇಲೆ ಇದು ಅಪಾಯದ ಕೆಲಸ. ನಾವು ಬಿರುಕು ಬಿಡಿಸಿ ತುಂಬಿ, ಪ್ಯಾರಾಪೆಟ್ ಬುಡದ ಮೂಲೆಗೆ ಮಸಾಲೆಯಿಂದ ದುಂಡಗೆ ಗೋಲಾ ತಿದ್ದಿ, ನೀರು ಹೋಗುವ ಬಾಯಿ ದೊಡ್ಡದು ಮಾಡಿ, ಲೇಪನವನ್ನಷ್ಟೇ ಹಾಕಿಸಿದೆವು. ಆಮೇಲೆ ಎರಡು ದಿನ ನೀರು ನಿಲ್ಲಿಸಿ ಕೆಳಗಿನಿಂದ ನೋಡಿದೆವು.

ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಗಿಲಾವಿಗೆ ಕನಿಷ್ಠ ವಾರ, ಕಾಂಕ್ರೀಟ್ ಪಟ್ಟಿಗೆ ಬಿಸಿಲಲ್ಲಿ ಎರಡು ವಾರ ನೀರುಣಿಸಬೇಕು. ಹಾಗಾಗಿ ಕೆಲಸದ ದಿನ ಗೊತ್ತು ಮಾಡಿದ್ದು ಪಂಚಾಂಗಕ್ಕಿಂತ ಜಾಸ್ತಿ ನೀರು ಬಿಡುವ ದಿನ ನೋಡಿ. ಅತ್ತೆಯವರೂ ಇದಕ್ಕೆ ಒಪ್ಪಿದರು. ಸಂಪು ತುಂಬಿದ ಮೇಲೆಯೇ ಮಸಾಲೆ ಕಲಸುವುದು ಅಂತ ಕಾಕಾಗೆ ಹೇಳಿದ್ದೆವು. ಹಸಿ ಗೋಣಿಚೀಲ ಹೊದಿಸಿದರೆ ನೀರು ಬಹಳ ಉಳಿಯುತ್ತದೆ.

ಹಂಚಿನ ಕೆಲಸ ಯುಗಾದಿ ನಂತರ, ಅಡ್ಡಮಳೆ ಬರುವ ಮುಂಚೆ ಮುಗಿಯಿತು. 100 ಚದರ ಅಡಿಗೆ ಸುಮಾರು 150 ಹಂಚು ಬೇಕು. ಹಳೇ ಹಂಚನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಿ ಆರಿಸಿದಾಗ ಮುಕ್ಕಾಲು ಪಾಲು ಗಟ್ಟಿ ಇದ್ದವು. ಅವನ್ನೇ ತೊಳೆದು ಹೊದಿಸಿದರು. ಒಡೆದದ್ದರ ಬದಲು ಅದೇ ಅಳತೆಯ ಹಳೇ ಹಂಚು ಹುಡುಕಿ ತಂದೆವು. ರೀಪುಗಳಲ್ಲಿ ಗೆದ್ದಲು ಹಿಡಿದವನ್ನು ಬಡಿಗೇರರು ಬದಲಾಯಿಸಿದರು. ತಗಡು ಹಾಕಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು. ಆದರೆ ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ರೊಟ್ಟಿ ಬಡಿಯುವುದು ಯಾರಿಗೂ ಬೇಡ.

ಪಟ್ಟಿಯ ಮೊತ್ತದ ಮೇಲೆ ಶೇ. 15 ಬೇರೆ ಎತ್ತಿಟ್ಟಿದ್ದೆವು. ಹೆಚ್ಚುಕಡಿಮೆ ಪೂರ್ತಿ ಖರ್ಚಾಯಿತು. ಜಾಸ್ತಿ ಹೋಗಿದ್ದು ಸ್ಲ್ಯಾಬಿಗೆ, ಯಾಕೆಂದರೆ ಬೊದ್ ಸದ್ದಿನ ಜಾಗ ಅಂದಾಜಿಗಿಂತ ದೊಡ್ಡದಾಗಿತ್ತು. ಪ್ರತಿ ಹೆಚ್ಚುವರಿಗೂ ಸಹಿ ಮಾಡಿದ ಚೀಟಿ ಇದ್ದದ್ದರಿಂದ ಲೆಕ್ಕ ಕೂಡಿಸುವಾಗ ಒಂದು ಮಾತೂ ಜೋರಾಗಲಿಲ್ಲ.

ಹೊರಗಿನ ಬಣ್ಣ ಬಾಕಿ ಇದೆ. ಹೊಸ ಗಿಲಾವು ಚೆನ್ನಾಗಿ ಒಣಗಲಿ, ಒಂದು ಮಳೆಗಾಲ ನೋಡೋಣ ಅಂತ ಕಾಕಾನೇ ತಡೆದಿದ್ದಾರೆ. ಬಣ್ಣಕ್ಕೆ ಈಗಲೇ ದುಡ್ಡು ತಗೋಬಹುದಿತ್ತು, ತಗೊಳ್ಳಲಿಲ್ಲ. ಉಳಿಸಿಕೊಂಡ ಶೇ. 10 ಮತ್ತು ಬಣ್ಣದ ಮುಂಗಡ ಎರಡನ್ನೂ ದೀಪಾವಳಿ ಹೊತ್ತಿಗೆ ಒಟ್ಟಿಗೆ ಕೊಡುವುದು ಅಂತ ಕರಾರಿನ ಹಿಂದೆ ಬರೆದು ಸಹಿ ಮಾಡಿದ್ದೇವೆ.